ಕೋಳಿಯ ಸಾವಿಗೆ ಅಳಬಹುದೋ?



ಮೇಲಿನ ಪ್ರಶ್ನೆಯನ್ನು ಓದಿದ ಕೂಡಲೇ ನಿಮ್ಮಲ್ಲಿ ಕೆಲವರು ನಗುವಿರೆಂದು ಬಲ್ಲೆನು. ಮನುಷ್ಯರ ಸಾವಿಗೆ ಅಳುವದಕ್ಕೇ ಕಣ್ಣೀರು ಸಾಲದಿರುವ ಈ ಲೋಕದಲ್ಲಿ ಕೋಳಿಯ ವಿಚಾರವನ್ನೆತ್ತಿ ಪುಟಗಳನ್ನು ತುಂಬಿಸುವದು ಯಾಕೆಂದು ಕೇಳುವಿರಿ. ಆದರೆ ಸಿರುಗುಪ್ಪ ಕುರುಗೋಡು ಸೀಮೆಯ ಹಳ್ಳಿಗಳಲ್ಲಿ ಮನೆಯಿಂದ ಮನೆಗೆ ಹೋಗುವವರು ಈ ಪ್ರಶ್ನೆಯನ್ನು ವರುಷಕ್ಕೊಂದು ಸಾರಿಯಾದರೂ ಎದುರಿಸಬೇಕಾಗುವದು. ಬಿಸಿಲು ಏರುವ ದಿನಗಳಲ್ಲಿ ಹಿತ್ತಲಿನ ಕೋಳಿಗಳು ಒಂದರ ಹಿಂದೆ ಒಂದು ಬೀಳಲಾರಂಭಿಸುವವು. ಮನೆಯ ಹೆಂಗಸು ಸೆರಗಿನಿಂದ ಕಣ್ಣೊರಸಿಕೊಳ್ಳುವಳು, ಮತ್ತು ಯಾರಾದರೂ ನೋಡಿದರೋ ಎಂದು ನಾಚಿಕೊಳ್ಳುವಳು. ನಾನು ಇಲ್ಲಿ ವಿಚಾರಿಸುವದು ಆ ಅಳುವನ್ನು ಮಾತ್ರವಲ್ಲ, ಅದರ ಸಂಗಡ ಬರುವ ನಾಚಿಕೆಯನ್ನೂ ಕುರಿತೇ ಆಗಿದೆ. ಅಳಬಾರದ್ದಕ್ಕೆ ಅತ್ತೆನೆಂದು ಆಕೆಗೆ ಯಾಕೆ ತೋರುವದು? ಆಕೆಯು ನಿಜವಾಗಿ ಅಳಬಾರದ್ದಕ್ಕೆ ಅತ್ತಳೋ?

ಮೊದಲು ಕಳೆದುಹೋದದ್ದು ಏನೆಂಬದನ್ನು ತಿಳಿಯಬೇಕು. ಹೊಲವು ಗಂಡನ ಹೆಸರಿನಲ್ಲಿರಬಹುದು, ಎತ್ತು ಮಾವನದಾಗಿರಬಹುದು, ಮನೆಯು ಅಣ್ಣತಮ್ಮಂದಿರ ಪಾಲಿನದಾಗಿರಬಹುದು. ಕೋಳಿಯಾದರೋ ಹೆಚ್ಚಾಗಿ ಹೆಂಗಸಿನದೇ. ತೌರಿನಿಂದ ಒಂದು ಹೇಂಟೆಯನ್ನು ತಂದು, ಅದನ್ನು ಕಾವಿಗೆ ಕೂಡಿಸಿ, ಇಪ್ಪತ್ತೊಂದು ದಿವಸ ಕಾದು, ಹೊರಬಿದ್ದ ಮರಿಗಳನ್ನು ಹದ್ದು ಕಾಗೆ ಮುಂಗುಸಿಗಳ ಬಾಯಿಂದ ತಪ್ಪಿಸಿ ಬೆಳೆಸಿದವಳು ಅವಳೇ. ತುಂಗಭದ್ರೆಯ ಕಾಲುವೆಯ ನೀರು ಬಂದಂದಿನಿಂದ ಸಿರುಗುಪ್ಪದ ಕಡೆಯಲ್ಲಿ ಭತ್ತದ ನುಚ್ಚಿಗೂ ತೌಡಿಗೂ ಕೊರತೆಯಿಲ್ಲ. ಕಣದಲ್ಲಿ ಚೆಲ್ಲಿದ್ದನ್ನು ಹೆಕ್ಕಿಯೇ ಅಲ್ಲಿಯ ಕೋಳಿಗಳು ಕೊಬ್ಬುವವು. ಕುರುಗೋಡಿನ ಬಂಡೆಗುಡ್ಡಗಳ ಕೆಳಗಿನ ಮನೆಗಳಲ್ಲಿ ಅವು ತಿಪ್ಪೆಯನ್ನು ಕೆದರಿ ಜೋಳದ ಕಾಳಿನಿಂದ ಜೀವಿಸುವವು. ಬಳ್ಳಾರಿ ನಗರದ ಕೌಲ್‌ಬಜಾರಿನ ಇಕ್ಕಟ್ಟಾದ ಓಣಿಗಳಲ್ಲಿಯೂ ತಂತಿಯ ಪಂಜರವಿಟ್ಟು ನಾಲ್ಕು ಕೋಳಿ ಸಾಕುವವರಿದ್ದಾರೆ. ತತ್ತಿ ಮಾರಿದ ಹಣದಿಂದ ಉಪ್ಪು ಎಣ್ಣೆ ಬರುವದು, ಮಗುವಿನ ನೋಟುಬುಕ್ಕು ಬರುವದು. ಯಾರನ್ನೂ ಕೇಳದೆ ವೆಚ್ಚಮಾಡಬಹುದಾದ ರೊಕ್ಕ ಅದೊಂದೇ ಆಗಿರುವ ಮನೆಗಳನ್ನು ನಾನು ಬಲ್ಲೆನು. ಆದದರಿಂದ ಕೋಳಿ ಸತ್ತಾಗ ಹಾನಿಯು ಮೊದಲು ಹಣದ್ದೇ. ಇದನ್ನು ಹೇಳಿಕೊಳ್ಳಲು ಯಾರೂ ನಾಚುವದಿಲ್ಲ.

ನಾಚುವದು ಎರಡನೆಯದಕ್ಕೆ. ಆ ಹೇಂಟೆಗೆ ಚುಕ್ಕಿ ಎಂದೋ ಕೆಂಪಿ ಎಂದೋ ಹೆಸರುಂಟು. ಕರೆದರೆ ಓಡಿಬರುವದು, ಬೀಸುವ ಕಲ್ಲಿನ ಹತ್ತಿರ ಬಂದು ನಿಲ್ಲುವದು, ಮುದುಕಿಯು ಒಬ್ಬಳೇ ಕೂತಿರುವ ಮಧ್ಯಾಹ್ನದಲ್ಲಿ ಕಾಲಬಳಿ ಮಣ್ಣಿನಲ್ಲಿ ಹೊರಳಾಡುವದು. ಮಕ್ಕಳು ಪಟ್ಟಣಕ್ಕೆ ದುಡಿಯಲು ಹೋದ ಮನೆಯಲ್ಲಿ ಬೆಳಗಿನಿಂದ ಸಂಜೆಯ ವರೆಗೂ ಮಾತಾಡಿಸುವದಕ್ಕೆ ಇದ್ದ ಜೀವವು ಅದೇ. ಹಣದ ಹಾನಿಯನ್ನು ಇನ್ನೊಂದು ಕೋಳಿ ತಂದು ತುಂಬಿಸಬಹುದು. ಈ ಹಾನಿಯನ್ನು ಹಾಗೆ ತುಂಬಿಸಲಾಗದು, ಯಾಕಂದರೆ ತಂದದ್ದು ಬೇರೊಂದು ಕೋಳಿ. ಬೆಲೆಯುಳ್ಳ ವಸ್ತುವಿಗೂ ಪ್ರೀತಿಯುಳ್ಳ ಜೀವಕ್ಕೂ ಇರುವ ಭೇದವು ಇಷ್ಟೇ. ಬಡವನು ತನ್ನ ಮಡಿಲಲ್ಲಿ ಮಲಗಿಸಿ ಮಗಳಂತೆ ಸಾಕಿದ ಒಂದೇ ಕುರಿಮರಿಯನ್ನು ಐಶ್ವರ್ಯವಂತನು ಕೊಯ್ದ ಸಾಮ್ಯವನ್ನು ನಾತಾನನು ದಾವೀದನಿಗೆ ಹೇಳಿದಾಗ, ಅರಸನು ಕುರಿಮರಿಯ ಬೆಲೆ ಎಷ್ಟೆಂದು ಕೇಳಲಿಲ್ಲ; ಕೋಪಗೊಂಡನು. ಆ ಕೋಪವು ಬೆಲೆಯ ಲೆಕ್ಕದಿಂದ ಹುಟ್ಟಿದ್ದಲ್ಲವೆಂಬದು ಸ್ಪಷ್ಟ.

ಇಲ್ಲಿ ಒಬ್ಬನು ಎದ್ದುನಿಂತು ಹೀಗೆ ಆಕ್ಷೇಪಿಸುವನು: ‘ಇದೆಲ್ಲಾ ಒಳ್ಳೇ ಮಾತು. ಆದರೆ ಅದೇ ಹೆಂಗಸು ಹಬ್ಬದ ದಿನ ಅದೇ ಬುಟ್ಟಿಯ ಕೋಳಿಯನ್ನು ಕೊಯ್ದು ಸಾರು ಮಾಡುವಳಲ್ಲಾ! ಕೋಳಿಯನ್ನು ಕೇಳಿ ಮಸಾಲೆ ಅರೆಯುವರೇ ಎಂಬ ಗಾದೆ ನಮ್ಮದೇ ಅಲ್ಲವೋ? ತಿನ್ನುವ ಬಾಯಿಂದಲೇ ಅಳುವದು ಕಪಟವಲ್ಲವೋ?’

ಈ ಆಕ್ಷೇಪವನ್ನು ಹಗುರವೆಂದು ತಳ್ಳಿಬಿಡುವವರು ಅದನ್ನು ಸರಿಯಾಗಿ ಕೇಳಿಲ್ಲ. ನಮ್ಮ ಭಾಷೆಯ ಹಳೆಯ ಕಾವ್ಯಗಳಲ್ಲಿ ಒಂದು ಕೋಳಿಯ ವಿಷಯದಲ್ಲಿಯೇ ನಿಂತಿದೆ. ಜನ್ನನು ೧೨೦೯ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ, ಅರಸನಾದ ಯಶೋಧರನು ಜೀವವನ್ನು ಕೊಲ್ಲಲೊಲ್ಲದೆ, ತಾಯಿಯ ಒತ್ತಾಯಕ್ಕೆ ಒಳಗಾಗಿ ಹಿಟ್ಟಿನ ಕೋಳಿಯನ್ನು ಮಾಡಿಸಿ ಮಾರಿಯ ಮುಂದೆ ಕತ್ತರಿಸುವನು. ಹಿಟ್ಟಿನ ಕೋಳಿಯಾದರೂ ಕತ್ತಿ ತಗಲಿದಾಗ ಕೂಗಿತಂತೆ. ಆ ಸಂಕಲ್ಪದ ಪಾಪಕ್ಕಾಗಿಯೇ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ, ಕಡೆಗೆ ಕೋಳಿಗಳಾಗಿಯೂ ಹುಟ್ಟಿ ನೋಯಬೇಕಾಯಿತೆಂದು ಜೈನ ಕವಿಯು ಹೇಳುತ್ತಾನೆ. ಜನ್ಮಾಂತರದ ಆ ಸಿದ್ಧಾಂತವನ್ನು ನಾವು ಒಪ್ಪದಿರಬಹುದು. ಆದರೂ ಕೈಯಲ್ಲಿ ಕೊಂದದ್ದು ಹಿಟ್ಟೋ ಮಾಂಸವೋ ಎಂಬದಕ್ಕಿಂತ ಮನಸ್ಸು ಏನನ್ನು ಮಾಡಿತು ಎಂಬದೇ ಮುಖ್ಯವೆಂದು ಎಂಟುನೂರು ವರುಷಗಳ ಹಿಂದೆ ಕನ್ನಡದಲ್ಲಿ ಒಬ್ಬನು ಯೋಚಿಸಿದನೆಂಬದು ಗಮನಿಸತಕ್ಕದ್ದು. ಅವನ ಮುಂದೆ ನಿಂತರೆ ಮಾಂಸ ತಿನ್ನುವ ನಾವೆಲ್ಲರೂ ಉತ್ತರ ಕೊಡಬೇಕಾದವರೇ.

ನನಗೆ ತೋಚುವ ಉತ್ತರವು ಅರ್ಧ ಉತ್ತರವಷ್ಟೇ. ತಿನ್ನುವದಕ್ಕಾಗಿ ಒಂದೇ ಏಟಿಗೆ ಕೊಲ್ಲುವದೂ, ನರಳುತ್ತಾ ಬಿದ್ದಿರುವದನ್ನು ನೋಡಿ ಕಾಲಿನಿಂದ ಪಕ್ಕಕ್ಕೆ ನೂಕುವದೂ ಒಂದೇ ಅಲ್ಲ. ಒಂದು ಜೀವವು ನನ್ನ ಆಹಾರವಾಗಬಹುದೆಂದು ಒಪ್ಪಿದ ಮಾತ್ರಕ್ಕೆ, ಅದು ಬದುಕಿರುವ ಕಾಲದಲ್ಲಿ ಅದಕ್ಕೆ ನೀರು ನೆರಳು ಕೊಡುವ ಹೊಣೆಯು ನನ್ನಿಂದ ಜಾರಿಹೋಗುವದಿಲ್ಲ. ನನ್ನ ಹಿತ್ತಲಲ್ಲಿ ಹುಟ್ಟಿದ್ದರಿಂದ ಬೇರೆ ಯಾರಿಗೂ ಇಲ್ಲದ ಹೊಣೆಯು ನನ್ನ ಮೇಲೆ ಬಿದ್ದಿದೆ. ಹೊಣೆಯಿದ್ದಲ್ಲಿ ಅದು ಕೆಟ್ಟಾಗ ದುಃಖವೂ ಇರುವದು ನ್ಯಾಯವೇ. ಆದರೂ ಪೂರ್ತಿ ಬಿಡಿಸಲಾರದ ಒಂದು ತೊಡಕು ಇಲ್ಲಿ ಉಳಿಯುವದು, ಅದನ್ನು ಮುಚ್ಚುವದು ನನಗೆ ಇಷ್ಟವಿಲ್ಲ. ಹೆಸರಿಟ್ಟ ಕೋಳಿಯನ್ನು ತಿನ್ನಲೊಲ್ಲದೆ ಮಾರಿ, ಬೇರೆಯವರ ಹೆಸರಿಲ್ಲದ ಕೋಳಿಯನ್ನು ಕೊಂಡು ತಿನ್ನುವ ಮನೆಗಳು ಬೇಕಾದಷ್ಟಿವೆ. ಅಂಥವರನ್ನು ಕಪಟಿಗಳೆಂದು ನಾನು ಕರೆಯೆನು. ಪ್ರೀತಿಯು ಹತ್ತಿರದಲ್ಲಿ ಆರಂಭವಾಗುವದು. ಅದು ದೂರಕ್ಕೆ ತಲುಪಲಿಲ್ಲವೆಂದು ಹತ್ತಿರದ್ದನ್ನೂ ಸುಳ್ಳೆನ್ನುವದು ಸರಿಯಲ್ಲ.

ಇನ್ನು ಕೋಳಿಗೆ ನೋವು ತಿಳಿಯುವದೋ ಎಂಬದು. ಸಾಕಿದವರು ಇದನ್ನು ಕೇಳುವದೇ ಇಲ್ಲ, ಕೇಳುವವರು ಓದಿದವರು. ಕಾಂಟ್ ಎಂಬ ಜರ್ಮನಿಯ ತತ್ವಜ್ಞಾನಿಯು, ಪ್ರಾಣಿಗಳ ವಿಷಯದಲ್ಲಿ ನಮಗಿರುವ ಕರ್ತವ್ಯವು ಮೂಲತಃ ಮನುಷ್ಯರಿಗೇ ಸಲ್ಲತಕ್ಕದ್ದು, ಯಾಕಂದರೆ ಪ್ರಾಣಿಗೆ ಕ್ರೂರನಾದವನು ಬರಬರುತ್ತಾ ಮನುಷ್ಯರಿಗೂ ಕ್ರೂರನಾಗುವನು ಎಂದು ಬೋಧಿಸಿದನು. ಅದೇ ಕಾಲದ ಬೆಂಥಮ್ ಎಂಬ ಇಂಗ್ಲಿಷ್ ಪಂಡಿತನು ೧೭೮೯ರಲ್ಲಿ ಅಚ್ಚುಹಾಕಿಸಿದ ಗ್ರಂಥದಲ್ಲಿ, ನೋವನ್ನು ಅನುಭವಿಸುವ ಶಕ್ತಿಯೇ ಇಲ್ಲಿ ಅಳತೆಗೋಲೆಂದು ವಾದಿಸಿದನು. ನನ್ನ ಮನಸ್ಸು ಎರಡನೆಯವನ ಕಡೆಗೆ ವಾಲುವದು. ೨೦೧೧ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿದ್ಯಾಪೀಠದವರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ತಾಯಿಕೋಳಿಯ ಕಣ್ಣೆದುರಿನಲ್ಲಿ ಮರಿಗಳ ಮೇಲೆ ಗಾಳಿಯನ್ನು ಊದಿ ಅವನ್ನು ಸ್ವಲ್ಪ ಬೆದರಿಸಲು, ತಾನು ಏನೂ ಅನುಭವಿಸದಿದ್ದರೂ ತಾಯಿಯ ಎದೆಬಡಿತವು ಹೆಚ್ಚಿತು, ಕಣ್ಣಿನ ಬಿಸಿಯು ತಗ್ಗಿತು, ಅದು ಎಚ್ಚರಗೊಂಡು ಮರಿಗಳನ್ನು ಕೂಗತೊಡಗಿತು. ಇದನ್ನು ತಿಳಿಯಲು ಯಂತ್ರಗಳು ಬೇಕಾದವೆಂದು ನಮ್ಮ ಮುದುಕಿಯರು ನಗುವರು. ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಳ್ಳುವ ಕೋಳಿಯನ್ನು ಯೆರೂಸಲೇಮಿನ ಮೇಲಣ ತನ್ನ ದುಃಖಕ್ಕೆ ಹೋಲಿಕೆಯಾಗಿ ಕರ್ತನು ಆರಿಸಿಕೊಂಡದ್ದೂ, ಕೇಳುವವರು ಅದನ್ನು ದಿನಾಲು ಅಂಗಳದಲ್ಲಿ ಕಂಡಿದ್ದರಿಂದಲೇ.

ಕೋಳಿಯ ಕಾಯಿಲೆಯಲ್ಲಿ ಇನ್ನೊಂದು ಸಂಗತಿಯುಂಟು. ಸಾಕಿದವರ ಮನಸ್ಸನ್ನು ಬಹಳ ಚುಚ್ಚುವಂಥಾದ್ದು ಅದೇ. ಕೋಳಿಯು ತನ್ನ ರೋಗವನ್ನು ಅಡಗಿಸುವದು. ನಾರ್ವೆ ದೇಶದ ಶೆಲ್ಡೆರುಪ್-ಎಬ್ಬೆ ಎಂಬವನು ಸುಮಾರು ನೂರು ವರುಷಗಳ ಕೆಳಗೆ ಕೋಳಿಗಳನ್ನು ನೋಡುತ್ತಾ ಕೂತು, ಅವುಗಳಲ್ಲಿ ಯಾವದು ಯಾವದನ್ನು ಕುಕ್ಕಬಹುದೆಂಬ ಮೇಲುಕೀಳಿನ ಕ್ರಮವಿರುವದನ್ನು ಬರೆದಿಟ್ಟನು. ಬಲಹೀನವಾದದ್ದೆಂದು ಕಂಡರೆ ಉಳಿದವು ಕುಕ್ಕಿ ಕಾಳಿನಿಂದ ದೂರ ಓಡಿಸುವವು. ಹದ್ದು ನಾಯಿಗಳ ಕಣ್ಣೂ ಅದರ ಮೇಲೆಯೇ ಬೀಳುವದು. ಆದಕಾರಣ ಕಾಯಿಲೆಯ ಹೇಂಟೆಯು ನಿಲ್ಲಲು ಆಗುವ ತನಕ ನಿಂತು, ಹೆಕ್ಕಿದಂತೆ ನಟಿಸಿ, ಇನ್ನು ಆಗದೆಂಬಾಗ ಮಾತ್ರ ಮೂಲೆಯಲ್ಲಿ ಗರಿ ಉಬ್ಬಿಸಿಕೊಂಡು ಕೂಡುವದು. ಅದು ಕೂತದ್ದನ್ನು ನಾವು ಕಾಣುವ ಹೊತ್ತಿಗೆ ರೋಗವು ಬಂದು ದಿನಗಳಾಗಿರುವವು. ‘ನಿನ್ನೆ ಸಂಜೆ ಚಂದಾಗಿತ್ತು, ನಾನೇ ನೋಡಲಿಲ್ಲೇನೋ’ ಎಂದು ತಮ್ಮನ್ನೇ ಹಳಿದುಕೊಳ್ಳುವವರಿಗೆ ಇದನ್ನು ತಿಳಿಸಬೇಕು. ಕಾಣಿಸಬಾರದೆಂದೇ ಅಡಗಿಸಿದ್ದನ್ನು ಕಾಣದೆಹೋದದ್ದು ಅಲಕ್ಷ್ಯವಲ್ಲ.

ನಮ್ಮ ಕಡೆಯ ದೊಡ್ಡ ರೋಗವಾದರೋ ಕೊಕ್ಕರೆ ರೋಗ. ಇದು ೧೯೨೬ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿ ಗುರುತಿಸಲ್ಪಟ್ಟು, ಸ್ವಲ್ಪ ಕಾಲದಲ್ಲಿಯೇ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿಯೂ ಕಂಡುಬಂದದ್ದರಿಂದ ದವಾಖಾನೆಯವರು ಇದನ್ನು ರಾಣಿಖೇತ್ ರೋಗವೆನ್ನುವರು. ಹಸುರು ನೀರಾದ ಹಿಕ್ಕೆ, ಬಾಯಿತೆರೆದು ಉಸಿರೆಳೆಯುವದು, ಕಾಲು ರೆಕ್ಕೆಗಳು ಬಿದ್ದುಹೋಗುವದು, ಕುತ್ತಿಗೆಯು ತಿರುಚಿಕೊಳ್ಳುವದು ಇದರ ಲಕ್ಷಣಗಳು. ಸೂಕ್ಷ್ಮವಾದ ವೈರಸಿನಿಂದ ಬರುವ ಈ ರೋಗವನ್ನು ಬಂದ ಮೇಲೆ ಗುಣಪಡಿಸುವ ಔಷಧವಿಲ್ಲ. ಲಸಿಕೆ ಹಾಕದ ಹಿಂಡಾದರೆ ಕೆಲವೊಮ್ಮೆ ಒಂದೂ ಉಳಿಯದು. ಬೆಳ್ಳುಳ್ಳಿ ಅರಿಸಿಣವನ್ನು ಅರೆದು ಗುಳಿಗೆ ಮಾಡಿ ನುಂಗಿಸುವವರ ಆಸ್ಥೆಯನ್ನು ನಾನು ಹಾಸ್ಯಮಾಡೆನು, ಆದರೆ ಅದರಿಂದ ಈ ರೋಗವು ಹೋಗದೆಂಬದನ್ನು ಹೇಳದಿರುವದು ಪ್ರೀತಿಯಲ್ಲ. ಮರಿಯು ಹುಟ್ಟಿದ ಮೊದಲನೇ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ತೊಟ್ಟು ಲಸಿಕೆ, ಎರಡು ತಿಂಗಳ ಹೊತ್ತಿಗೆ ರೆಕ್ಕೆಯ ಕೆಳಗೆ ಒಂದು ಚುಚ್ಚುಮದ್ದು: ಇದೇ ಇದಕ್ಕೆ ಅಡ್ಡಗೋಡೆ. ಆ ಲಸಿಕೆಯು ಬೆಂಗಳೂರಿನ ಹೆಬ್ಬಾಳದ ಸರಕಾರೀ ಸಂಸ್ಥೆಯಲ್ಲಿಯೇ ತಯಾರಾಗುವದು. ಹಾಗಾದರೆ ಬಡವರ ಹಿತ್ತಲಿಗೆ ಅದು ಯಾಕೆ ಬಾರದು? ಒಂದು ಸೀಸೆಯಲ್ಲಿ ನೂರು, ನೂರಾರು ಕೋಳಿಗಳಿಗೆ ಸಾಕಾಗುವಷ್ಟು ಇರುವದು; ತಂಪಿನಲ್ಲಿಡಬೇಕು; ಕಲಸಿದ ಮೇಲೆ ಸ್ವಲ್ಪ ಹೊತ್ತಿನಲ್ಲಿಯೇ ಮುಗಿಸಬೇಕು. ಆರು ಕೋಳಿಗಳ ಒಡತಿಯು ಒಬ್ಬಳೇ ಅದನ್ನು ತರಲಾರಳು. ಓಣಿಯವರೆಲ್ಲರೂ ಒಂದೇ ದಿನ ಕೂಡಿದರೆ ಆಗುವ ಕೆಲಸವಿದು. ಸತ್ತಾಗ ಒಟ್ಟಿಗೆ ಅಳುವ ಓಣಿಯು ಬದುಕಿರುವಾಗ ಒಟ್ಟಿಗೆ ಕೂಡದಿರುವದೇ ನನಗೆ ಆಶ್ಚರ್ಯ.

ಮಗುವಿಗೆ ಜ್ವರ ಬಂದಾಗ ಕೋಳಿಯನ್ನು ನಿವಾಳಿಸಿ ಬಿಡುವ ಪದ್ಧತಿಯು ನಮ್ಮ ಸೀಮೆಯಲ್ಲಿ ಉಂಟು; ಹಳೆಯ ಗ್ರೀಕರೂ ಕಾಯಿಲೆ ವಾಸಿಯಾದರೆ ವೈದ್ಯದೇವತೆಗೆ ಹುಂಜವನ್ನು ಕೊಡುತ್ತಿದ್ದರಂತೆ. ಮನುಷ್ಯನ ರೋಗಕ್ಕೆ ಹೀಗೆ ಕೋಳಿಯನ್ನು ಕೊಟ್ಟಿದ್ದಾರೆ. ಕೋಳಿಯ ರೋಗಕ್ಕೆ ಮನುಷ್ಯನು ಅರ್ಧ ದಿನದ ಕೂಲಿಯನ್ನು ಬಿಟ್ಟು ಪಶುವೈದ್ಯರ ಬಾಗಿಲಿಗೆ ಹೋಗುವದು ಅತಿಯಾಯಿತೆನ್ನಬಹುದೋ? ಆಗಲಿ, ಇದು ಅಡ್ಡಮಾತು.

ಈಗ ನಿಜವಾದ ಕಷ್ಟಕ್ಕೆ ಬರುವೆನು. ರೋಗವು ಓಣಿಗೆ ಬಂದದ್ದು ತಿಳಿದ ಮರುದಿನವೇ ಬೈಕಿನ ಹಿಂದೆ ಬುಟ್ಟಿ ಕಟ್ಟಿಕೊಂಡು ವ್ಯಾಪಾರಿಯು ಬರುವನು. ಇನ್ನೂ ನಿಂತಿರುವ ಕೋಳಿಗಳಿಗೆ ಅರ್ಧ ಬೆಲೆ ಕೊಡುವೆನೆನ್ನುವನು. ಅವು ಸಂತೆಗೆ ಹೋಗುವವು. ಅಲ್ಲಿಂದ ಯಾರದೋ ಮನೆಗೆ, ಯಾವದೋ ಊರಿಗೆ. ಸಿರುಗುಪ್ಪದ ಕಡೆಯ ಒಂದು ಹಳ್ಳಿಯಲ್ಲಿ ಹನ್ನೊಂದು ಕೋಳಿಗಳಿದ್ದ ವಿಧವೆಯೊಬ್ಬಳ ಅಂಗಳದಲ್ಲಿ ಈ ಮಾತು ನಡೆಯುವದನ್ನು ಕೇಳಿದ್ದೇನೆ. ಮೂರು ಆಗಲೇ ಸತ್ತಿದ್ದವು. ನಾದಿನಿಯು ಆಕೆಗೆ ಹೇಳಿದಳು: ‘ಅತ್ತಿಗೀ, ಇವತ್ತು ಕೊಟ್ಟರ ಅರ್ಧ ರೊಕ್ಕನಾದರೂ ಬರತೈತಿ. ನಾಳಿಗೆ ಮಣ್ಣಿಗೆ ಹಾಕೂದ ಐತಿ.’ ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಗೊಂಡಾಕಿ ಮನ್ಯಾಗೂ ಕೋಳಿ ಇರತಾವಲ್ಲ ತಂಗಿ’ ಅಂದಳು. ವ್ಯಾಪಾರಿಯು ನಕ್ಕು ಮುಂದಿನ ಮನೆಗೆ ಹೋದನು. ಅಲ್ಲಿ ಅವನಿಗೆ ಬೇಕಾದದ್ದು ಸಿಕ್ಕಿತು. ಈಕೆಯ ಹನ್ನೊಂದರಲ್ಲಿ ಉಳಿದವು ಎರಡು; ಅವುಗಳಲ್ಲಿ ಒಂದರ ಕುತ್ತಿಗೆಯು ಸೊಟ್ಟಗಾಗಿಯೇ ಉಳಿಯಿತು. ಹಣವೂ ಬರಲಿಲ್ಲ, ಓಣಿಯಲ್ಲಿ ಹೊಗಳಿಕೆಯೂ ಬರಲಿಲ್ಲ. ತಿಳಿಗೇಡಿ ಎಂಬ ಹೆಸರು ಬಂತು.

ಈ ಹೆಂಗಸು ಮಾಡಿದ್ದು ಸರಿಯೆಂಬದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮಾರಿದ ನೆರೆಯವಳನ್ನು ಕಳ್ಳಿಯೆಂದು ಕರೆಯಲು ನನಗೆ ಬಾಯಿ ಬಾರದು. ಅವಳ ಮನೆಯಲ್ಲಿ ಆ ವಾರ ಏನು ತಪ್ಪಿತ್ತೆಂದು ನಾನು ನೋಡಿದ್ದೇನೆ. ಹೊಟ್ಟೆಯ ಅವಸರದಲ್ಲಿ ಮಾಡಿದ್ದಕ್ಕೂ, ಎಲ್ಲಾ ತಿಳಿದು ಲಾಭಕ್ಕಾಗಿ ಓಣಿಯಿಂದ ಓಣಿಗೆ ತಿರುಗಿ ಕೊಳ್ಳುವದಕ್ಕೂ ಬಹಳ ಅಂತರವುಂಟು. ಆದರೂ ಕೆಡಕು ಕೆಡಕೇ; ರೋಗವು ಮಾರಿದವಳ ಬಡತನವನ್ನು ನೋಡಿ ಕೊಂಡವಳ ಹಿತ್ತಲನ್ನು ಬಿಟ್ಟುಬಿಡುವದಿಲ್ಲ, ಮತ್ತು ಕೊಂಡವಳೂ ಬಡವಳೇ ಆಗಿರುವಳು. ಇಲ್ಲಿ ನಾನು ಗಮನಿಸಿದ್ದು ಒಂದು. ಮಾರಲೊಲ್ಲದವಳು ಮೂರು ದಿವಸಗಳಿಂದ ಅಳುತ್ತಿದ್ದವಳು. ಸತ್ತ ಕೋಳಿಯನ್ನು ಬರೀ ಬೆಲೆಯಾಗಿ ಕಾಣದವಳಿಗೆ, ಯಾರೋ ಕಾಣದ ಹೆಂಗಸು ತನ್ನಂತೆಯೇ ಬೆಳಿಗ್ಗೆ ಬುಟ್ಟಿಯನ್ನು ಎತ್ತಿ ನೋಡುವದು ಕಣ್ಣಿಗೆ ಕಟ್ಟಿತು. ಅಳುವದೂ ಮಾರದಿರುವದೂ ಒಂದೇ ಬೇರಿನಿಂದ ಬಂದವೆಂದು ನನ್ನ ಎಣಿಕೆ. ಎಲ್ಲರಲ್ಲಿಯೂ ಹೀಗೆಯೇ ಎಂದು ಹೇಳೆನು. ಬಹಳ ಅತ್ತು ಆಮೇಲೆ ಮಾರಿದವರೂ ಇದ್ದಾರೆ, ಒಂದು ಹನಿಯೂ ಕಣ್ಣೀರಿಲ್ಲದೆ ನ್ಯಾಯಕ್ಕೋಸ್ಕರ ಮಾರದವರೂ ಇದ್ದಾರೆ. ಆದರೂ ಕೋಳಿಗಾಗಿ ಅಳುವದು ಮನಸ್ಸನ್ನು ಮನುಷ್ಯರಿಂದ ತಿರುಗಿಸುವದೆಂಬ ಮಾತನ್ನು ಕೇಳಿದಾಗಲೆಲ್ಲಾ ನನಗೆ ಆ ಅಂಗಳವೇ ನೆನಪಾಗುವದು.

ದುಃಖವು ಕೆಟ್ಟ ದಾರಿಗೆ ತಿರುಗುವದೂ ಉಂಟು. ಕೋಳಿಗಳು ಒಂದೇ ರಾತ್ರಿ ಸತ್ತರೆ ‘ಯಾರೋ ಕಾಳಿಗೆ ವಿಷ ಹಾಕಿದರು’, ‘ಆಕೆಯ ಕಣ್ಣು ತಾಕಿತು’ ಎಂಬ ಮಾತು ಏಳುವದು. ಕಾರಣವಿಲ್ಲದ ಹಾನಿಯನ್ನು ತಾಳುವದಕ್ಕಿಂತ ವೈರಿಯಿಂದಾದ ಹಾನಿಯನ್ನು ತಾಳುವದು ಮನುಷ್ಯನಿಗೆ ಸುಲಭವಾಗಿ ಕಾಣುವದು. ಹೀಗೆ ಹುಟ್ಟಿದ ಜಗಳದಿಂದ ನೀರಿನ ನಳದ ಹತ್ತಿರ ವರುಷಗಟ್ಟಳೆ ಮಾತುಬಿಟ್ಟವರಿದ್ದಾರೆ. ಸಂದೇಹವಿದ್ದರೆ ಸತ್ತ ಕೋಳಿಯನ್ನು ಪಶುವೈದ್ಯರಿಗೆ ತೋರಿಸಿದರೆ ಸಾಕು. ಅದನ್ನು ಸೀಳಿ ಪರೀಕ್ಷಿಸಿ ವಿಷವೋ ರೋಗವೋ ಹೇಳುವ ಉಪಾಯವುಂಟು. ಸತ್ಯವು ತಿಳಿದರೆ ದುಃಖವು ಕಡಿಮೆಯಾಗದಿದ್ದರೂ ನೆರೆಯವಳು ಉಳಿಯುವಳು.

ಇದಕ್ಕಿಂತ ಕಠಿಣವಾದದ್ದು ಹಕ್ಕಿಜ್ವರದ ಕಾಲ. ೨೦೦೬ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಾಣಿಸಿ, ೨೦೧೨ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟಕ್ಕೆ ಬಂದ ಈ ರೋಗವು, ೨೦೨೫ರ ಬೇಸಿಗೆಯ ಆರಂಭದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನ ಕುರೇಕುಪ್ಪದಲ್ಲಿಯೇ ಹೊರಟಿತು. ಇಂಥಾ ರೋಗವು ಖಚಿತವಾದರೆ ಸುತ್ತಲಿನ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನು, ಕಾಯಿಲೆ ಇರಲಿ ಇಲ್ಲದಿರಲಿ, ಕೊಂದು ಹೂಳಬೇಕೆಂಬದು ಸರಕಾರದ ಕ್ರಮ. ಹತ್ತು ಕಿಲೋಮೀಟರಿನ ವರೆಗೆ ಕಾವಲಿಡುವರು. ಕೊಂದವುಗಳಿಗೆ ಪರಿಹಾರದ ಹಣವುಂಟು. ಅದಕ್ಕೆ ಮುಂಚೆಯೇ ರೋಗದಿಂದ ಸತ್ತವುಗಳಿಗೆ ಇಲ್ಲ. ಹಸ್ತಕವಚ, ಮುಖವಾಡ, ಬಿಳಿಯ ಅಂಗಿ ತೊಟ್ಟ ಅಪರಿಚಿತರು ಬಂದು, ಬೆಳಿಗ್ಗೆ ತತ್ತಿಯಿಟ್ಟ ಹೇಂಟೆಯನ್ನು ಚೀಲಕ್ಕೆ ಹಾಕಿಕೊಂಡು ಹೋಗುವಾಗ ‘ಅದಕ್ಕೆ ಏನೂ ಆಗಿಲ್ಲವಲ್ಲಾ’ ಎಂದು ಮಗುವು ಕೇಳಿದರೆ ಏನು ಹೇಳುವಿರಿ?

ಕೆಲವರು ಕೋಳಿಯನ್ನು ಅಡಗಿಸುವರು. ಅದರ ಹಿಂದಿರುವ ಪ್ರೀತಿಯನ್ನು ನಾನು ಬಲ್ಲೆನು. ಆದರೂ ಅದನ್ನು ಸಮರ್ಥಿಸಲಾರೆನು. ನೆರೆಯ ಆಂಧ್ರದೇಶದಲ್ಲಿ ೨೦೨೫ರ ಮಾರ್ಚಿಯಲ್ಲಿ ಎರಡು ವರುಷದ ಹೆಣ್ಣುಮಗು ಇದೇ ಜ್ವರದಿಂದ ಸತ್ತಿತು. ಅದಕ್ಕೆ ಮುಂಚೆ ೨೦೨೧ರಲ್ಲಿ ಹರಿಯಾಣದ ಹುಡುಗನೊಬ್ಬನು ದಿಲ್ಲಿಯ ಆಸ್ಪತ್ರೆಯಲ್ಲಿ ಸತ್ತನು. ಮನುಷ್ಯರಿಗೆ ಇದು ಹತ್ತುವದು ಅಪರೂಪ, ಹತ್ತಿದರೆ ಪ್ರಾಣಕ್ಕೇ ಬರುವದು. ಕೋಳಿಯ ಜೀವವೂ ಮಗುವಿನ ಜೀವವೂ ತಕ್ಕಡಿಯ ಎರಡು ಕಡೆಗಳಲ್ಲಿ ಕೂತಾಗ ಯಾವದು ಭಾರವೆಂದು ಕೇಳಬೇಕಾದದ್ದಿಲ್ಲ. ಆದರೆ ತಕ್ಕಡಿಯು ಒಂದು ಕಡೆಗೆ ಬಾಗಿತೆಂದ ಮಾತ್ರಕ್ಕೆ ಇನ್ನೊಂದು ಕಡೆಯಲ್ಲಿ ಏನೂ ಇರಲಿಲ್ಲವೆಂದಾಗಲಿಲ್ಲ. ಕೊಲ್ಲುವದು ನ್ಯಾಯವಾಗಿರಬಹುದು, ಅದೇ ಸಮಯದಲ್ಲಿ ದುಃಖಕರವೂ ಆಗಿರಬಹುದು. ನ್ಯಾಯವಾದದ್ದಕ್ಕೆ ಅಳಬಾರದೆಂಬ ನಿಯಮವನ್ನು ಯಾರು ಮಾಡಿದರು? ಮಗುವಿಗೆ, ‘ಅದು ಆರೋಗ್ಯವಾಗಿಯೇ ಇತ್ತಪ್ಪಾ. ಬೇರೆ ಮಕ್ಕಳಿಗೂ ಬೇರೆ ಕೋಳಿಗಳಿಗೂ ರೋಗ ಹರಡಬಾರದೆಂದು ತೆಗೆದುಕೊಂಡು ಹೋದರು. ನನಗೂ ಸಂಕಟವಾಗಿದೆ’ ಎಂದು ಇದ್ದದ್ದನ್ನು ಇದ್ದಂತೆ ಹೇಳುವದೇ ಲೇಸು. ‘ಅಜ್ಜಿಯ ಊರಿಗೆ ಕಳುಹಿಸಿದೆವು’ ಎಂಬ ಸುಳ್ಳು ರಜಾ ದಿನಗಳು ಬರುವ ತನಕ ಮಾತ್ರ ಬಾಳುವದು.

ದುಃಖದಲ್ಲಿರುವ ಮನೆಗೆ ಹೋದವರು ಹೇಗೆ ನಡೆಯಬೇಕೆಂಬದರಲ್ಲಿಯೂ ಒಂದೆರಡು ಮಾತು. ‘ಒಂದು ಕೋಳಿ ತಾನೇ’ ಎನ್ನಬೇಡಿರಿ. ಅದು ನಿಮ್ಮದಲ್ಲದ್ದರಿಂದ ನಿಮಗೆ ಒಂದು ಕೋಳಿ ತಾನೇ ಆಗಿ ಕಾಣುವದು. ‘ಮಗ ಸತ್ತವರೇ ತಾಳಿಕೊಂಡಿದ್ದಾರೆ’ ಎನ್ನಬೇಡಿರಿ. ದೊಡ್ಡ ದುಃಖವು ಚಿಕ್ಕ ದುಃಖವನ್ನು ಅಳಿಸಿಬಿಡುವದಿಲ್ಲ. ಎಷ್ಟೋ ಸಾರಿ ಚಿಕ್ಕದರ ಬಾಗಿಲಿನಿಂದಲೇ ದೊಡ್ಡದು ಹೊರಗೆ ಬರುವದು. ಗಂಡನು ಸತ್ತಾಗ ಅಳದೆ ಮನೆಯನ್ನು ನಡಿಸಿದವಳು ಕೆಂಪಿ ಸತ್ತ ದಿವಸ ಬಿಕ್ಕಿಬಿಕ್ಕಿ ಅತ್ತರೆ, ಆಕೆಯು ಯಾರಿಗಾಗಿ ಅಳುತ್ತಿದ್ದಾಳೆಂದು ಅಳೆಯಲು ಹೋಗದೆ ಹತ್ತಿರ ಕೂತುಕೊಳ್ಳುವದು ಒಳ್ಳೇದು. ಅದೇ ಸಂಜೆ ಇನ್ನೊಂದು ಮರಿಯನ್ನು ತಂದುಕೊಟ್ಟು ಸಮಾಧಾನ ಮಾಡುವದು ದಯೆಯಂತೆ ಕಾಣುವದು. ಆದರೆ ಕೊಕ್ಕರೆ ರೋಗವಿದ್ದ ಗೂಡಾದರೆ ಆ ಮರಿಯೂ ಸಾಯುವದು, ಎರಡು ಸಾರಿ ಅಳಿಸಿದಂತಾಗುವದು.

ಗುಣವಾಗದೆಂದು ಖಂಡಿತವಾಗಿ ತಿಳಿದ, ನೀರನ್ನೂ ನುಂಗಲಾರದ ಕೋಳಿಯನ್ನು ಬೇಗ ಕೊನೆಗಾಣಿಸಬಹುದೋ ಎಂದು ಕೆಲವರು ಗುಟ್ಟಾಗಿ ಕೇಳುವರು. ಬಹುದೆಂದೇ ನನ್ನ ಅಭಿಪ್ರಾಯ. ಕೈ ನಡುಗದವರು ಒಂದೇ ಏಟಿಗೆ ಮಾಡಬೇಕು, ಮಕ್ಕಳ ಮುಂದೆ ಬೇಡ. ಕೈ ಬಾರದವಳು ಮಾಡದೆ, ನೆರಳಿನಲ್ಲಿ ಬೇರೆ ಬುಟ್ಟಿಯಡಿ ಮಲಗಿಸಿ ಕೊಕ್ಕಿಗೆ ನೀರು ತಾಕಿಸುತ್ತಾ ಕಾದರೆ ಅದನ್ನೂ ತಪ್ಪೆನ್ನಲಾಗದು. ಅಂಥಾ ಕೋಳಿಯನ್ನು ಮುಟ್ಟಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯದೆ ಉಳಿದವುಗಳ ಬಳಿಗೆ ಹೋಗಬಾರದು. ಹಕ್ಕಿಜ್ವರದ ಸುದ್ದಿಯಿರುವಾಗಲಂತೂ ಬರಿಗೈಯಿಂದ ಮುಟ್ಟಲೇಬಾರದು, ೧೯೬೨ ಎಂಬ ಸಂಖ್ಯೆಗೆ ಫೋನು ಮಾಡಿ ಪಶುವೈದ್ಯ ಇಲಾಖೆಯವರಿಗೆ ತಿಳಿಸಬೇಕು.

ಸತ್ತದ್ದನ್ನು ಕಾಲುವೆಗೆ ಎಸೆಯುವದು ಸಿರುಗುಪ್ಪದ ಕಡೆಯಲ್ಲಿ ಬಹಳ ಕೆಟ್ಟ ರೂಢಿಯಾಗಿದೆ. ಕೆಳಗಣ ಊರಿನವರ ಬಾತುಗಳೂ ಕೋಳಿಗಳೂ ಅದೇ ನೀರನ್ನು ಕುಡಿಯುವವು. ನಾಯಿ ಕೆದರದಷ್ಟು ಆಳವಾಗಿ ತಗ್ಗು ತೋಡಿ, ಮೇಲೆ ಕೆಳಗೆ ಸುಣ್ಣ ಹಾಕಿ ಮುಚ್ಚಬೇಕು. ಮಕ್ಕಳು ದೂರದಲ್ಲಿ ನಿಂತು ಒಂದು ಹೂವನ್ನು ಹಾಕುವೆವೆಂದರೆ ಬೇಡವೆನ್ನಬಾರದು. ಗೂಡಿನೊಳಗಣ ಹಳೆಯ ಹುಲ್ಲನ್ನೂ ಗರಿಗಳನ್ನೂ ಸುಟ್ಟು, ಗೋಡೆಗೂ ನೆಲಕ್ಕೂ ಸುಣ್ಣ ಬಳಿದು, ಬಳ್ಳಾರಿಯ ಬಿಸಿಲಿಗೆ ಬಾಗಿಲನ್ನು ತೆರೆದಿಟ್ಟು ವಾರಗಟ್ಟಳೆ ಬರಿದಾಗಿ ಬಿಡಬೇಕು. ಆ ಬರಿದಾದ ಗೂಡನ್ನು ದಿನಾಲು ನೋಡುವದು ಕಷ್ಟವೇ. ಮುಂದೆ ಮರಿಗಳನ್ನು ತರುವಾಗ, ನಾಟಿಯಾಗಲಿ ಗಿರಿರಾಜವಾಗಲಿ, ಲಸಿಕೆ ಆದವನ್ನೇ ತಂದು, ಎಷ್ಟು ಮನೆಗಳು ಸೇರುವವೆಂದು ಓಣಿಯಲ್ಲಿ ಮೊದಲೇ ಕೇಳಿ, ಎರಡನೇ ಲಸಿಕೆಯ ದಿನವನ್ನು ಗುರುತು ಹಾಕಿಡಬೇಕು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಮಣ್ಣಿನ ಪಾತ್ರೆಯ ನೀರನ್ನು ಎರಡು ಸಾರಿ ಬದಲಿಸಿರಿ. ಕೋಳಿಗೆ ಬೆವರುವ ಶಕ್ತಿಯಿಲ್ಲ, ಬಾಯಿ ತೆರೆದೇ ತಂಪಾಗಬೇಕು.